ಅತ್ತೆ ಬಿದ್ದರೋ, ಕೂತರೋ

ನಮ್ಮ ದ್ವೀಪದಲ್ಲಿ ಸೋದರತ್ತೆಗೆ ಎದುರು ಮಾತಾಡುವವರಿಲ್ಲ. ಅಪ್ಪನ ಅಕ್ಕ ಕೂತಿದ್ದ ಕಡೆ ಅಪ್ಪನೇ ತಗ್ಗಿ ಬಗ್ಗಿ ನಡೆಯುತ್ತಾನೆ, ಇನ್ನು ಮಕ್ಕಳ ಪಾಡೇನು? ಅಂಥದ್ದರಲ್ಲಿ ಆ ಅತ್ತೆಯೇ ಶಾಲೆಯ ಹೆಡ್‌ಟೀಚರೂ ಆಗಿಬಿಟ್ಟರೆ ಮುಗಿದೇ ಹೋಯಿತು. ಅಕೇಸಾಳ ಹಣೆಬರಹ ಹಾಗಿತ್ತು. ಅವಳು ಒಂದನೇ ತರಗತಿಯ ಹೊಸ ಟೀಚರು, ಫಿಫಿತಾ ಅವಳ ಸೋದರತ್ತೆ. ನಾನು ಪಕ್ಕದ ಎರಡನೇ ತರಗತಿಯ ಟೀಚರು. ನಡುವೆ ಸಂದುಬಿಟ್ಟ ಹಲಗೆ ಗೋಡೆ. ಅಲ್ಲಿ ಸೂಜಿ ಬಿದ್ದರೂ ನನಗೆ ಕೇಳುತ್ತಿತ್ತು.

ಆ ವರ್ಷ ಮಕ್ಕಳಿಗೆ ಓದು ಕಲಿಸಲು ಪುಸ್ತಕ ಆರಿಸಿದವರು ಅತ್ತೆ. ಆಕ್ಲೆಂಡಿನ ನೆಂಟರು ಹಡಗಿನಲ್ಲಿ ಕಳಿಸಿದ್ದ ಪೆಟ್ಟಿಗೆಯಿಂದ ಎಲ್ಲಕ್ಕಿಂತ ದಪ್ಪ ರಟ್ಟಿನದನ್ನು ಎತ್ತಿಕೊಂಡರು. ಯಾರೋ ಪುಣ್ಯಾತ್ಮರು ನಮ್ಮ ಟೋಂಗಾ ಭಾಷೆಗೆ ತಂದಿದ್ದ ಪುಸ್ತಕ. ಅಳಿಲೊಂದು ಹಿಮದಲ್ಲಿ ಕಾಯಿ ಹುಡುಕುವ ಕಥೆ. ನಮ್ಮಲ್ಲಿ ಹಿಮವೂ ಇಲ್ಲ, ಅಳಿಲೂ ಇಲ್ಲ. "ಹಾಳೆ ಗಟ್ಟಿಯಾಗಿದೆ, ಹರಿಯಲ್ಲ" ಎಂದು ಅತ್ತೆ ತೀರ್ಮಾನ ಕೊಟ್ಟರು.

ಅಕೇಸಾಳ ತರಗತಿಗೆ ಅತ್ತೆಯೇ ಬಂದು ಒಂದು ಸಾಲು ಹೇಳುವುದು, ಮಕ್ಕಳು ಒಕ್ಕೊರಲಿನಲ್ಲಿ ಕೂಗುವುದು, ಹೀಗೆ ಸಾಗಿತು ಪಾಠ. ಮಳೆಗಾಲ ಮುಗಿಯುವಷ್ಟರಲ್ಲಿ ಇಡೀ ಪುಸ್ತಕವನ್ನು ಎಲ್ಲರೂ ಗಡಗಡ ಒಪ್ಪಿಸತೊಡಗಿದರು. ಅತ್ತೆ ಹಿಗ್ಗಿ ಹೀರೇಕಾಯಿಯಾದರು. ಒಂದು ಬೆಳಿಗ್ಗೆ ವಿಲಿ ಎಂಬ, ಮುಂದಿನ ಹಲ್ಲು ಬಿದ್ದ ಹುಡುಗ ಎದ್ದು ನಿಂತು ಒಂದಕ್ಷರ ತಪ್ಪದೆ ಪುಟ ಓದಿದ. ಪುಸ್ತಕ ಮಾತ್ರ ತಲೆಕೆಳಗಾಗಿತ್ತು.

"ವಿಲಿ, ಅಳಿಲು ಯಾಕೋ ಕಾಲು ಮೇಲೆ ಮಾಡ್ಕೊಂಡಿದೆ?" ಎಂದಳು ಅಕೇಸಾ.

"ಚಳಿಗೆ ಸತ್ತೋಗಿದೆ ಟೀಚರ್."

ಊಟದ ಬಿಡುವಿನಲ್ಲಿ ಅವಳು ನನ್ನ ಹತ್ತಿರ ಓಡಿಬಂದಳು. ನಗುವೋ ಅಳುವೋ ತಿಳಿಯುವಂತಿರಲಿಲ್ಲ. "ಒಬ್ರಿಗೂ ಓದಕ್ಕೆ ಬರಲ್ಲ ಕಣೇ! ಎಲ್ಲಾ ಹಾಡ್ತಿದಾರೆ!"

"ಹೋಗಿ ನಿಮ್ಮತ್ತೆಗೆ ಹೇಳು."

"ನೀನೇ ಹೇಳು."

"ನನಗೇನು ಹುಚ್ಚಾ? ನಿಮ್ಮಪ್ಪನ ಕೈಲಿ ಹೇಳ್ಸು."

"ಅಪ್ಪನ್ನ ಕೇಳ್ದೆ. 'ನಾನು ಮೀನಿಗೆ ಹೋಗಿದೀನಿ ಅಂದ್ಕೋ' ಅಂತ ಮಂಚದ ಮೇಲೆ ಮಲಗೇ ಹೇಳಿದ್ರು."

ಅದೇ ಭಾನುವಾರ ಹಂದಿಯ ಪ್ರಸಂಗ ನಡೆಯಿತು. ಚರ್ಚಿಗೆ ಹೋಗುವಾಗ ಸೊಂಟಕ್ಕೆ ಸುತ್ತುವ ಹೆಣಿಗೆಯ ಪಟ್ಟಿಯನ್ನು ಅತ್ತೆ ಬಿಸಿಲಿಗೆ ಹಾಕಿದ್ದರು. ಅವರದೇ ಹಂದಿ ಅದನ್ನು ಕಚ್ಚಿಕೊಂಡು ಸಮುದ್ರದ ಕಡೆ ಓಟ ಕಿತ್ತಿತು. ನೀರಿಳಿದ ಹೊತ್ತು, ಎಲ್ಲೆಲ್ಲೂ ಕೆಸರು. ಹಿಂದೆಯೇ ಅತ್ತೆ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬೈಬಲ್ಲು. ಚರ್ಚಿನ ದಾರಿಯಲ್ಲಿದ್ದ ಇಡೀ ಊರು ನೋಡಿತು. ಯಾರೂ ಕಿಸಕ್ ಅನ್ನಲಿಲ್ಲ. ಮನೆಗೆ ಹೋಗಿ, ದಿಂಬಿಗೆ ಮುಖ ಒತ್ತಿಕೊಂಡು ಎಲ್ಲರೂ ನಕ್ಕರು.

ಸೋಮವಾರ ಅಕೇಸಾ ಒಂದು ದೊಡ್ಡ ಹಾಳೆ ನೇತುಹಾಕಿದಳು. ಚಿತ್ರವಿಲ್ಲ, ದಪ್ಪ ಅಕ್ಷರ, ಸಾಲಿಗೆ ಎರಡೋ ಮೂರೋ ಪದ. ಕೊನೆಯ ಸಾಲನ್ನು ಮಡಿಸಿ ಮುಚ್ಚಿದ್ದಳು. ತಾನು ಮಾತ್ರ ಒಂದು ಸಾಲನ್ನೂ ಓದಿ ಹೇಳಿಕೊಡಲಿಲ್ಲ.

"ಹಂ... ದಿ... ಬಂತು. ಹಂದಿ ಬಂತು!"

"ಹಂದಿ ಪಟ್ಟಿ ಕ... ಕಚ್ಚಿ... ಅಯ್ಯೋ, ಕಚ್ಚಿತು!"

"ತಳ್ಬೇಡ್ವೋ! ಮುಂದಿನ ಸಾಲು ನಂದು!"

"ಹಂದಿ ಓಡಿತು. ಅಜ್ಜಿ ಓಡಿದಳು. ಹಂದಿ ನೀರಿಗೆ ಓಡಿತು. ಅಜ್ಜಿ ನೀರಿಗೆ ಓಡಿದಳು!"

ನನ್ನ ತರಗತಿಯ ಮಕ್ಕಳೆಲ್ಲ ಹಲಗೆಯ ಸಂದಿಗೆ ಕಣ್ಣು ಹಚ್ಚಿದ್ದರು. ನಾನು ಬೈಯಲಿಲ್ಲ, ದೊಡ್ಡ ಸಂದಿ ನನ್ನದೇ ಆಗಿತ್ತು. ಗದ್ದಲ ಕೇಳಿ ಅತ್ತೆ ಬಂದು ಬಾಗಿಲಲ್ಲಿ ನಿಂತದ್ದನ್ನು ಒಳಗಿನವರು ಕಾಣಲಿಲ್ಲ. ವಿಲಿ ಮಡಿಕೆ ಬಿಚ್ಚಿ, ಅಕ್ಷರದ ಮೇಲೆ ಬೆರಳಿಟ್ಟು, "ಅಜ್ಜಿ... ಬಿ... ದ್ದ... ಳು. ಬಿದ್ದಳು!" ಎಂದು ಕುಣಿದ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಆಮೇಲೆ ಯಾರೋ ಬಾಗಿಲ ಕಡೆ ನೋಡಿದರು. ನಗು ಗಪ್ಪನೆ ನಿಂತಿತು. ಅಕೇಸಾ ನೆಲಕ್ಕೆ ಕುಸಿದು ತಲೆ ತಗ್ಗಿಸಿದಳು.

ಅತ್ತೆ ಕನ್ನಡಕ ಏರಿಸಿ ಮೊದಲಿನಿಂದ ಕೊನೆವರೆಗೂ ಓದಿದರು.

"ಇದನ್ನ ಇವನಿಗೆ ಯಾರು ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅತ್ತೆ. ಈಗ್ಲೇ ನೋಡಿದ್ದು."

"ತನ್ನಷ್ಟಕ್ಕೆ ತಾನೇ ಓದಿದ್ನಾ?"

"ಹೂಂ ಅತ್ತೆ."

ಅತ್ತೆ ವಿಲಿಯ ತಲೆ ಸವರಿದರು. "ಹುಡುಗ ಸರಿಯಾಗೇ ಓದಿದಾನೆ. ಬರೆದವಳು ತಪ್ಪು ಬರೆದಿದಾಳೆ. ಬಿದ್ದಿದ್ದು ಯಾರೇ? ನಾನು ಕೂತೆ!" ತುಟಿ ಅದುರಿತು, ಹೊಟ್ಟೆ ಕುಲುಕಿತು, ಆಮೇಲೆ ಆ ನಗೆಗೆ ಕಿಟಕಿಯ ಗಾಜು ಗಲಗಲ ಎಂದಿತು. "ಅದರ ಮೇಲೆ ಅಜ್ಜಿ ಅಂತ ಬೇರೆ! ಅಳಿಸೇ ಮೊದ್ಲು!"

ಶುಕ್ರವಾರ ಅಪ್ಪ ಅಮ್ಮಂದಿರನ್ನೆಲ್ಲ ಶಾಲೆಯ ಬಯಲಿಗೆ ಕರೆಸಿ, ತಿದ್ದಿದ ಹಾಳೆಯನ್ನು ಅತ್ತೆಯೇ ನೇತುಹಾಕಿದರು. ವಿಲಿ ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಊರಿಗೆ ಊರೇ ಕೂಗಿತು: "ಬಿದ್ದಳು!"

"ಇಲ್ಲ!" ಎಂದ ವಿಲಿ, ಕೆನ್ನೆ ಕೆಂಪಾಗಿತ್ತು. "ಕೂ... ತ... ಳು. ಕೂತಳು ಅಂತಿದೆ!"

"ನಾವು ಕಣ್ಣಾರೆ ನೋಡಿದೀವಲ್ಲೋ!"

"ನೀವು ನೋಡಿದ್ದು ನಂಗೊತ್ತಿಲ್ಲ. ಇಲ್ಲಿರೋದು ಕೂ!"

"ಕೇಳಿಸ್ತಾ?" ಅತ್ತೆ ಎದ್ದು ನಿಂತು ಗುಡುಗಿದರು. "ನೀವೆಲ್ಲ ಹಾಡ್ತಿದೀರ. ಇವನು ಓದ್ತಿದಾನೆ!" ಹಾಗೆಂದವರೇ ವಿಲಿಯ ಕೈಹಿಡಿದು ಕುಣಿಯತೊಡಗಿದರು. ಅಕೇಸಾಳ ಅಪ್ಪ ಮೈಮರೆತು ಅಕ್ಕನ ಎದುರೇ ಗಹಗಹಿಸಿ ನಕ್ಕು, ನೆನಪಾದೊಡನೆ ತೆಂಗಿನ ಮರದ ಹಿಂದೆ ಬಚ್ಚಿಟ್ಟುಕೊಂಡ. ಅವನ ಹೊಟ್ಟೆ ಮಾತ್ರ ಎರಡೂ ಕಡೆ ಕಾಣುತ್ತಿತ್ತು.

ಅಲ್ಲಿಂದಾಚೆ ಊರಿನವರಿಗೆಲ್ಲ ತಮ್ಮ ಕಥೆಯನ್ನೂ ಮಕ್ಕಳು ಓದಬೇಕೆಂಬ ಹುಚ್ಚು ಹಿಡಿಯಿತು. ಅತ್ತೆ, ಸೊಸೆ ಇಬ್ಬರೂ ಜಗಲಿಯಲ್ಲಿ ಕೂತು ಆರಿಸುತ್ತಿದ್ದರು. ದೋಣಿಯ ಲಾತು ಬಂದು, ತಾನು ಕಂಡ ಶಾರ್ಕು ಚರ್ಚಿಗಿಂತ ಉದ್ದವಿತ್ತೆಂದು ಶುರುಮಾಡಿದ.

"ಅಷ್ಟು ದೊಡ್ಡ ಸುಳ್ಳು ಆರು ವರ್ಷದ ಬಾಯಲ್ಲಿ ಹಿಡಿಸಲ್ಲ ಕಣಪ್ಪ," ಎಂದರು ಅತ್ತೆ. "ಸಣ್ಣದು ಮಾಡ್ಕೊಂಡು ಬಾ."

ಮರುದಿನ ಅವನು ಟೋಪಿ ಹಿಸುಕುತ್ತ ಬಂದು ಹೇಳಿದ: "ಶಾರ್ಕು ಬಂತು. ನಾನು ಓಡಿದೆ."

ಜಗಲಿಯ ಕೆಳಗೆ ಆಡುತ್ತಿದ್ದ ಪುಟ್ಟ ಹುಡುಗಿಯೊಂದು ತಲೆ ಹೊರಹಾಕಿತು. "ಸಮುದ್ರದಲ್ಲಿ ಎಲ್ಲಿಗ್ ಓಡಿದ್ರಿ?"

ಅತ್ತೆ ಸೊಸೆಯ ಬೆನ್ನಿಗೊಂದು ಗುದ್ದಿದರು.

"ಇದು ಕಣೇ ಕಥೆ! ಬರ್ಕೋ, ಬರ್ಕೋ!"