ನಾಲ್ಕನೆಯ ಹಗ್ಗ

ನಮ್ಮ ಓದುಕೂಟ ಸೇರುವುದು ನನ್ನ ಹೊಲಿಗೆಯ ಕೋಣೆಯಲ್ಲಿ. ವಾರದ ಕೆಲಸ ಮುಗಿದ ಮೇಲೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಚೂರುಗಳನ್ನು ಗುಡಿಸಿ, ಸುತ್ತ ಕುಳಿತು ಸುವಾರ್ತೆಯ ಒಂದು ಭಾಗವನ್ನು ಓದುತ್ತೇವೆ. ಓದು ಮುಗಿದೊಡನೆ ನನ್ನ ಹೆಂಡತಿ ಗುಂಡಿಗಳ ಡಬ್ಬಿಯನ್ನು ಮೇಜಿಗೆ ಕುಟ್ಟಿ, "ಓದಿದ್ದಾಯ್ತು. ಇದರಲ್ಲಿ ನಾಳೆ ಮಾಡುವಂಥದ್ದು ಏನಿದೆ, ಹೇಳಿ," ಎನ್ನುತ್ತಿದ್ದಳು. ಉತ್ತರ ಬಾರದೆ ಯಾರನ್ನೂ ಏಳಗೊಡುತ್ತಿರಲಿಲ್ಲ. ಆಮೇಲೆ ಎರಡು ಮಹಡಿ ಹತ್ತಿ, ಹಾಸಿಗೆ ಹಿಡಿದಿರುವ ನನ್ನ ಅಕ್ಕನಿಗೆ ಅಂದಿನ ಓದು, ವಾದ, ನಗು ಎಲ್ಲವನ್ನೂ ಹೇಳಿ ಬರುತ್ತಿದ್ದಳು.

ಈ ಬೇಸಿಗೆಯ ಮೊದಲಿಗೆ ದೇವರು ಅವಳನ್ನು ಕರೆದುಕೊಂಡ. ಅವಳ ಕುರ್ಚಿ ಮೇಜಿನ ಬಳಿ ಹಾಗೆಯೇ ಇದೆ. ಅಕ್ಕನಿಗೆ ಹೇಳುವ ಕೆಲಸ ನನಗೆ ಬಂತು. ನನಗೆ ಅವಳಂತೆ ಹೇಳಲು ಬಾರದು.

"ನೀನು ಹೇಳೋದು ರಸೀದಿ ಓದಿದ ಹಾಗಿರುತ್ತೆ ಕಣೋ," ಎಂದಳು ಅಕ್ಕ ಒಂದು ದಿನ. "ನನ್ನನ್ನೇ ಕೆಳಗೆ ಕರ್ಕೊಂಡು ಹೋಗು. ಒಂದೇ ಒಂದು ಸಲ ಅವಳ ಕುರ್ಚಿ ಪಕ್ಕದಲ್ಲಿದ್ದು ಕೇಳಬೇಕು."

"ನಾವೆಲ್ಲ ಇಲ್ಲಿಗೇ ಬರ್ತೀವಲ್ಲ, ಅಕ್ಕ."

"ನೋಡೋಕೆ ಬರೋರು ಬೇಕಾದಷ್ಟಿದಾರೆ. ನಾನೂ ಒಂದು ಕಡೆ ಹೋಗಿ ಬಂದೆ ಅನ್ನಿಸ್ಕೋಬೇಕು."

ಆದರೆ ಅವಳ ಬೆನ್ನನ್ನು ಮಡಿಸುವಂತಿಲ್ಲ. ಚಪ್ಪಟೆಯಾಗಿ ಮಲಗಿಸಿಯೇ ಸಾಗಿಸಬೇಕು. ನಮ್ಮ ಮೆಟ್ಟಿಲೋ ಸುತ್ತಿ ಸುತ್ತಿ ಇಳಿಯುವಂಥದ್ದು; ಮಂಚವಿರಲಿ, ಒಂದು ಮೇಜನ್ನು ಹತ್ತಿಸುವುದೂ ಕಷ್ಟ. ನಾನು ಇಳಿದು ಬಂದೆ.

ಅದೇ ವಾರ ಓದಿಗೆ ಬಂದದ್ದು, ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತು ತಂದ ಭಾಗ. ಬಾಗಿಲಲ್ಲಿ ಜನರ ಗುಂಪು. ಅವರು ಮನೆಯ ಮಾಡು ಹತ್ತಿ, ಅದನ್ನು ತೆರೆದು, ಮಲಗಿದ್ದವನನ್ನು ಹಾಸಿಗೆಯ ಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ.

"ಪಾಪ, ಆ ಮನೆಯವಳು! ತಲೆ ಮೇಲಿನ ಸೂರನ್ನೇ ಕಿತ್ತರಲ್ಲ," ಎಂದು ಬೇಕರಿಯಮ್ಮ ನೊಂದುಕೊಂಡಳು. "ಆಮೇಲೆ ಅದನ್ನ ಸರಿ ಮಾಡಿದ್ದು ಯಾರು?"

"ಅದನ್ನ ಬರೆದಿಲ್ಲ," ಎಂದ ಬಸ್ ಡ್ರೈವರ್. "ಮಾಡಿರ್ತಾರೆ ಬಿಡಿ."

ನಾವು ಬೀರು ಎಂದು ಕರೆಯುವ ಗೆಳೆಯನಿಗೆ ಮಾತ್ರ ಈ ಮಾತು ಯಾವುದೂ ಕೇಳಿಸಿದಂತಿರಲಿಲ್ಲ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕೆಲಸ. ಎಂಥ ಬೀರುವನ್ನಾದರೂ ಕಿಟಕಿಯಿಂದ ಇಳಿಸುತ್ತಾನೆಂದು ಅವನಿಗೆ ಆ ಹೆಸರು. ಬೆರಳನ್ನು ಪುಟದ ಮೇಲೆ ಊರಿದವನು ಇದ್ದಕ್ಕಿದ್ದಂತೆ ಎದ್ದು ನಿಂತ. ಅವನ ಕುರ್ಚಿ ಹಿಂದಕ್ಕೆ ಬಿತ್ತು.

"ಮಾಸ್ಟ್ರೇ! ಇದು ನನ್ನ ಕೆಲಸ! ನಾಲ್ಕು ಮೂಲೆ, ನಾಲ್ಕು ಹಗ್ಗ, ನಾಲ್ಕು ಜನ! ಅಕ್ಕನ ಕಿಟಕಿ ಅಂಗಳದ ಕಡೆಗೇ ಇದೆಯಲ್ವಾ?"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೇಜಿನ ಮೇಲೆ ನನ್ನ ಸೀಮೆಸುಣ್ಣದಿಂದಲೇ ಕಿಟಕಿ, ತಾರಸಿ, ರಾಟೆಗಳನ್ನು ಬರೆದರು. ಗುಂಡಿಗಳ ಡಬ್ಬಿಯನ್ನು ನಾನೇ ಕುಟ್ಟಿದೆ. ಅವಳು ಹೋದ ಮೇಲೆ ಅದನ್ನು ಮುಟ್ಟಿದ್ದು ಅಂದೇ.

ನಾವೆಲ್ಲ ಮೇಲೆ ಹೋಗಿ ವಿಷಯ ಹೇಳಿದಾಗ ಅಡ್ಡ ಬಂದವಳು ಅಕ್ಕನ ಮಗಳು. ತಾಯಿಯನ್ನು ನೋಡಿಕೊಳ್ಳುವವಳು ಅವಳೇ.

"ಹುಚ್ಚು ಹಿಡಿದಿದೆಯಾ ಮಾವ, ನಿಮಗೆಲ್ಲ? ಸುವಾರ್ತೇಲಿ ಯೇಸು ಹೇಳಿದ ಕೂಡಲೇ ಆ ಮನುಷ್ಯ ಎದ್ದು ತನ್ನ ಹಾಸಿಗೆ ತಾನೇ ಹೊತ್ಕೊಂಡು ಹೋದ. ಅಮ್ಮ ಏಳದೇ ಇದ್ರೆ? ಮತ್ತೆ ಹತ್ತಿಸೋರು ಯಾರು?"

"ಇಳಿಸಿದವರೇ ಹತ್ತಿಸ್ತೀವಮ್ಮ," ಎಂದ ಬೀರು. "ಪ್ರತಿ ವಾರ."

"ಏಳಿಸೋದು ಬಿಡೋದು ದೇವರ ಕೈಲಿದೆ," ಎಂದಳು ಅಕ್ಕ ಮಲಗಿದಲ್ಲಿಂದ. "ಹೊರೋದಷ್ಟೇ ಆ ನಾಲ್ವರ ಪಾಲಿಗೆ ಬಂದಿದ್ದು. ಅಷ್ಟಾದ್ರೂ ಮಾಡ್ರೋ!"

ಮಗಳು ಒಪ್ಪಲಿಲ್ಲ. "ಮೊದಲು ಬೇರೆ ಏನನ್ನಾದ್ರೂ ಇಳಿಸಿ ತೋರಿಸಿ," ಎಂದಳು.

ಅಕ್ಕನನ್ನು ಮಲಗಿಸಿ ಇಳಿಸುವ ಉದ್ದ ಹಲಗೆಗೆ ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ನಾನು ಹೊಲಿದೆ. ಒಂದೊಂದಕ್ಕೂ ಮೂರು ಸಾಲು ಹೊಲಿಗೆ. ಮುಂದಿನ ಓದಿನ ದಿನ ಬೆಳಗ್ಗೆ ಬೀರು ಕಿಟಕಿಯ ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿದ. ತಾರಸಿಯ ತೊಲೆಗೆ ರಾಟೆಗಳನ್ನು ಬಿಗಿದು, ಹಗ್ಗದ ತುದಿಗಳನ್ನು ಅಂಗಳಕ್ಕೆ ಇಳಿಬಿಟ್ಟ. ಒಂದನ್ನು ಅವನು ಹಿಡಿದ, ಒಂದನ್ನು ಅವನ ತಮ್ಮ, ಒಂದನ್ನು ಡ್ರೈವರ್. ನಾಲ್ಕನೆಯದು ನನ್ನದು. ಯಾರು ಬೇಡವೆಂದರೂ ನಾನು ಬಿಡಲಿಲ್ಲ.

ಹಲಗೆಯ ಮೇಲೆ ಮೊದಲು ಇಳಿದದ್ದು ಬೇಕರಿಯ ಹಿಟ್ಟಿನ ಚೀಲ. ಅರ್ಧ ದಾರಿಗೆ ಬರುವಷ್ಟರಲ್ಲಿ ನನಗೆ ಏನೋ ನೆನಪಾಯಿತು. ಇದನ್ನೆಲ್ಲ ನೋಡಿದ್ದರೆ ನನ್ನ ಹೆಂಡತಿ ಎಷ್ಟು ನಗುತ್ತಿದ್ದಳೆಂಬ ಯೋಚನೆ. ಕಣ್ಣು ಮಂಜಾಯಿತು, ಕೈ ಸಡಿಲಿತು. ಹಲಗೆ ನನ್ನ ಮೂಲೆಗೆ ವಾಲಿತು. ಚೀಲ ಜಾರಿ, ಅಂಗಳದ ನಡುವೆ ಬಿದ್ದು ಒಡೆಯಿತು. ನಾವು ನಾಲ್ವರೂ ಅಡಿಯಿಂದ ಮುಡಿಯವರೆಗೆ ಬೆಳ್ಳಗಾದೆವು.

"ಅಯ್ಯೋ, ನನ್ನ ಹಿಟ್ಟು!" ಎಂದು ಬೇಕರಿಯಮ್ಮ ಮೇಲಿನ ಕಿಟಕಿಯಿಂದ ಕೂಗಿಕೊಂಡಳು.

ನನಗೆ ತಲೆ ಎತ್ತಲಾಗಲಿಲ್ಲ. ಎಲ್ಲವೂ ಮುಗಿಯಿತೆಂದುಕೊಂಡೆ. ಆಗ ಮೇಲಿನಿಂದ ಒಂದು ಸದ್ದು ಬಂತು. ಅಕ್ಕ ನಗುತ್ತಿದ್ದಳು. ಬೇಕರಿಯಮ್ಮ ಎತ್ತಿ ಹಿಡಿದಿದ್ದ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಗಹಗಹಿಸಿ ನಗುತ್ತಿದ್ದಳು. ನನ್ನ ಹೆಂಡತಿ ತೀರಿಕೊಂಡ ದಿನದಿಂದ ಅಕ್ಕನ ನಗು ಆ ಮನೆಯಲ್ಲಿ ಕೇಳಿರಲಿಲ್ಲ.

ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಅಕ್ಕನ ಮಗಳು ನೇರವಾಗಿ ನನ್ನ ಬಳಿ ಬಂದಳು.

"ಬಿಡಿ ಮಾವ, ಇಲ್ಲಿ ಕೊಡಿ. ದಿನಾ ಎತ್ತಿ ಹೊರಳಿಸೋಳು ನಾನು. ಅಮ್ಮನ ಭಾರ ಈ ಕೈಗೆ ಗೊತ್ತು."

ನಾಲ್ಕನೆಯ ಹಗ್ಗವನ್ನು ಅವಳ ಕೈಗೆ ಕೊಟ್ಟೆ. ಖಾಲಿ ಹಲಗೆಯನ್ನು ಮೇಲೆಳೆದು, ಎಲ್ಲರೂ ಹೋಗಿ ಅಕ್ಕನನ್ನು ಅದಕ್ಕೆ ಬಿಗಿದು ಬಂದ ಮೇಲೆ, ನಾನು ಹಲಗೆ ಇಳಿಯುವ ಜಾಗದಲ್ಲಿ ನಿಂತೆ.

ಅಕ್ಕ ಹೊರಬಂದಳು! ಪಟ್ಟಿಗಳ ನಡುವೆ ಬಿಗಿಯಾಗಿ, ಮುಖ ಆಕಾಶಕ್ಕೆ. "ಬಿಡಿ!" ಎಂದ ಬೀರು. ಹಲಗೆ ಗೇಣಷ್ಟು ಇಳಿಯಿತು. "ತಡೀರಿ!" ನಿಂತಿತು. ಒಂದಿಷ್ಟೂ ವಾಲಲಿಲ್ಲ. ಅಕ್ಕಪಕ್ಕದ ಕಿಟಕಿಗಳಲ್ಲೆಲ್ಲ ತಲೆಗಳು. ಬೀರು ಎರಡು ಸಲ ಕೂಗುವಷ್ಟರಲ್ಲಿ ಆ ಕೆಲಸವನ್ನು ಅಕ್ಕ ಕಿತ್ತುಕೊಂಡಳು.

"ಬಿಡ್ರೋ! ಇನ್ನೂ ಬಿಡಿ! ತಡೀರಿ, ತಡೀರಿ! ಇವರ ಮನೆ ಪರದೆ ಯಾವಾಗ ಬದಲಾಯಿಸಿದ್ರು?"

"ಅಮ್ಮಾ, ಸುಮ್ನಿರ್ತೀಯಾ!" ಎಂದು ಮಗಳು ಹಗ್ಗ ಹಿಡಿದೇ ಗದರಿದಳು. ಅವಳ ಕೆನ್ನೆಯ ಮೇಲೆ ಕಣ್ಣೀರಿನ ಗೆರೆ, ಬಾಯಲ್ಲಿ ನಗು.

ಹಲಗೆಯ ಅಂಚು ನನ್ನ ಅಂಗೈಗೆ ತಾಕಿತು. ಹೂವಿನಷ್ಟು ಹಗುರವಾಗಿ ತಾಕಿತು. ಹಾಗೆಯೇ ಅದನ್ನು ಒಳಗೆ ಹೊತ್ತು, ನನ್ನ ಮೇಜಿನ ಮೇಲೆ, ಆ ಕುರ್ಚಿಯ ಪಕ್ಕದಲ್ಲಿ ಇರಿಸಿದೆವು. ಅಕ್ಕ ಕೈ ಚಾಚಿ ಕುರ್ಚಿಯ ಬೆನ್ನನ್ನು ಸವರಿದಳು. ಬಹಳ ಹೊತ್ತು ಸವರಿದಳು.

"ಅವಳು ಹೇಳ್ತಿದ್ದುದಕ್ಕಿಂತ ಕೋಣೆ ಚಿಕ್ಕದು ಕಣೋ," ಎಂದಳು. "ಆದ್ರೆ ಜನ ಹಾಗೇ ಇದಾರೆ. ಓದು."

"ಅಕ್ಕಾ, ಕಿಟಕಿ ಹಾಗೇ ಬಿಚ್ಚಿದೆ. ಮೊದಲು ಅದನ್ನ ಕೂರಿಸಿ ಬರಲಾ?" ಎಂದ ಬೀರು.

"ಓದು ಮುಗೀಲಿ. ಆ ನಾಲ್ವರೂ ಮನೆಯ ಮಾಡು ಸರಿ ಮಾಡಿದ್ದು ಯೇಸುವಿನ ಮಾತು ಕೇಳಿ ಮುಗಿಸಿದ ಮೇಲೇ ಇರಬೇಕು."

ಬೇಕರಿಯಮ್ಮ ಚಪ್ಪಾಳೆ ತಟ್ಟಿದಳು. ನಾನು ಪುಟ ತೆರೆದೆ. ಓದು ಮುಗಿದಾಗ, ನಾನು ಕೈ ಚಾಚುವ ಮೊದಲೇ ಅಕ್ಕ ಗುಂಡಿಗಳ ಡಬ್ಬಿಯನ್ನು ಎತ್ತಿ ಮೇಜಿಗೆ ಕುಟ್ಟಿದಳು.