ಎವಲಿನ್ ಗಣಿಯೊಳಗಿನ ಸದ್ದು

"ಹೀಗೆ ಕೇಳುತ್ತೆ ನೋಡಿ," ಎನ್ನುತ್ತ ಆ ಗಂಡಸು ಚಮಚದ ತುದಿಯಿಂದ ಮೇಜಿನ ತಗಡಿನ ಅಂಚಿಗೆ ಬಡಿದ. ಟಕ್, ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಟಕ್, ಟಕ್. "ಕತ್ತಲು ಅಂದ್ರೆ ಎಂಥಾ ಕತ್ತಲು ಅಂತೀರಿ! ನಮ್ಮ ಕೈ ನಮಗೇ ಕಾಣಲ್ಲ. ಆಗ ಗೋಡೆ ಒಳಗಿಂದ ಶುರುವಾಗುತ್ತೆ. ಸತ್ತೋರು ಬಡೀತಿದಾರೇನೋ ಅನ್ನೋ ಹಾಗೆ. ಇವಳು ನನ್ನ ತೋಳು ಹಿಡ್ಕೊಂಡ್ಲಲ್ಲ, ಇಲ್ನೋಡಿ, ಇನ್ನೂ ಉಗುರಿನ ಗುರುತಿದೆ."

ಪಕ್ಕದ ಮೇಜಿನವರು ನಕ್ಕರು. ಅವನ ಹೆಂಡತಿ ನಾಚಿಕೊಂಡು, "ನೀವೂ ಏನು ಕಮ್ಮಿ ಹೆದರಲಿಲ್ಲ," ಎಂದಳು. ವೆಸ್ಟಾ ಅವಳ ಬಟ್ಟಲಿಗೆ ಕಾಫಿ ಸುರಿಯುತ್ತಿದ್ದಳು. ಬಟ್ಟಲು ತುಂಬಿ, ತಟ್ಟೆ ತುಂಬಿ, ಕಾಫಿ ಮೇಜಿನ ಮೇಲೆ ಹರಿದಾಗಲೇ ಅವಳಿಗೆ ಎಚ್ಚರವಾದದ್ದು.

"ಅಯ್ಯೋ, ಕ್ಷಮಿಸಿ," ಎಂದು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಿಂದ ಒರೆಸಿದಳು. "ಎಲ್ಲಿ ಅಂದ್ರಿ ಅದು?"

"ಇಲ್ಲೇ, ನಿಮ್ಮ ಊರಿನ ಗಣೀಲೇ! ನೀವೇ ಅಲ್ವಾ ನಿನ್ನೆ ಹೇಳಿದ್ದು, ಎವಲಿನ್ ಗಣಿ ನೋಡ್ದೆ ಹೋಗ್ಬೇಡಿ ಅಂತ?"

ಹೌದು, ಅವಳೇ ಹೇಳಿದ್ದಳು. ಟೆಲ್ಮನ್ ಎಂಬ ಆ ಊರಲ್ಲಿ ಬೆಳಿಗ್ಗೆ ತಿಂಡಿ ಸಿಗುವುದು ಈ ಒಂದು ಹೋಟೆಲಿನಲ್ಲಿ ಮಾತ್ರ. ಐಡಹೋದ ಬೆಟ್ಟಗಳನ್ನು ಹತ್ತಿ ಬಂದ ಪ್ರವಾಸಿಗಳು ಹಕಲ್‌ಬೆರಿ ಹಣ್ಣು ಹಾಕಿದ ದೋಸೆ ತಿನ್ನುತ್ತ, ಈ ಊರಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವುದು ಅವಳನ್ನೇ. ವೆಸ್ಟಾ ಜಲಪಾತದ ದಾರಿ ಹೇಳುತ್ತಿದ್ದಳು, ಬಿಸಿನೀರಿನ ಬುಗ್ಗೆಗೂ ಬೆಟ್ಟದ ರೋಪ್‌ವೇಗೂ ಕಳಿಸುತ್ತಿದ್ದಳು, ಕೊನೆಗೆ ಗಣಿಯ ಹೆಸರು ಹೇಳುತ್ತಿದ್ದಳು. ಗಣಿ ತೋರಿಸುವ ಕೆಲಸ ಅವಳ ಮಗಳು ಐಲಾಳದು. ಬೆಳ್ಳಿ ಮುಗಿದು ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಶಾಲೆಯೂ ಹೋಯಿತು. ಎಲ್ಲರೂ ಹೊರಟಾಗ ಐಲಾ ಹೊರಡಲಿಲ್ಲ. ಹಾಳುಬಿದ್ದಿದ್ದ ಸುರಂಗದ ಬಾಯಿಯನ್ನು ಚೊಕ್ಕಟ ಮಾಡಿ, ಅದಿರು ಸಾಗಿಸುತ್ತಿದ್ದ ಪುಟ್ಟ ರೈಲಿಗೆ ಬೆಂಚು ಕೂಡಿಸಿ, ಜನರನ್ನು ಒಳಗೆ ಕರೆದೊಯ್ಯುವ ಏರ್ಪಾಡು ಮಾಡಿದ್ದಳು. ವೆಸ್ಟಾ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದಳು. ತಾನು ಮಾತ್ರ ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಅವಳ ಗಂಡ ರೇಯ್ನೋ ಸತ್ತದ್ದು ಅದೇ ಗಣಿಯ ಬೆಂಕಿಯಲ್ಲಿ, ಐಲಾ ಇನ್ನೂ ಎಳೆಗೂಸಾಗಿದ್ದಾಗ. ಅಮ್ಮ ಯಾಕೆ ಬರುವುದಿಲ್ಲ ಎಂದು ಮಗಳು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಈ ಬಡಿಯೋದು ಹೊಸದಾ?" ಎಂದು ವೆಸ್ಟಾ ಕೇಳಿದಳು.

"ಅದು ನಮಗೇನು ಗೊತ್ತು? ಆದ್ರೆ ಅದಕ್ಕೋಸ್ಕರಾನೇ ಎಲ್ಲ ಬರ್ತಿರೋದು. ನಮ್ಮ ಹಿಂದೆ ಎರಡು ಬಸ್ಸಿನ ಜನ ಕಾಯ್ತಾ ಇದ್ರು."

ವೆಸ್ಟಾ ಒದ್ದೆ ಬಟ್ಟೆಯನ್ನು ಹಿಂಡಿ ಒಣಹಾಕಿದಳು. ಉಳಿದ ಮೇಜುಗಳಿಗೂ ಕಾಫಿ ಕೊಟ್ಟಳು. ಅಂದು ಸಂಜೆ ಐಲಾ ಎಂದಿನಂತೆ ಫೋನ್ ಮಾಡಿದಾಗ ಇಬ್ಬರೂ ಹವಾಮಾನದ ಮಾತಾಡಿದರು. ಮಳೆ ಬರಬಹುದು ಎಂದಳು ಮಗಳು. ಬರಬಹುದು ಎಂದಳು ತಾಯಿ.

ಮರುದಿನ ತಿಂಡಿಯ ಗಲಾಟೆ ಇಳಿದೊಡನೆ ವೆಸ್ಟಾ ಏಪ್ರನ್ನನ್ನೂ ಬಿಚ್ಚದೆ ಗಣಿಯ ರಸ್ತೆ ಹಿಡಿದಳು. ಸುರಂಗದ ಬಾಯಿಯ ಮುಂದೆ ಜನ ಸಾಲುಗಟ್ಟಿದ್ದರು. ಹೆಲ್ಮೆಟ್ ಹಂಚುತ್ತಿದ್ದವನು ಆರ್ವಿಲ್. ಒಂದು ಕಾಲದಲ್ಲಿ ಅದೇ ಗಣಿಯಲ್ಲಿ ಕೂಲಿಯಾಗಿದ್ದವನು, ಈಗ ಅದನ್ನೇ ತೋರಿಸುವವನು. ಅವಳನ್ನು ನೋಡಿ ಅವನ ಕೈ ಹಾಗೇ ನಿಂತಿತು.

"ವೆಸ್ಟಾ? ಏನ್ ಬಂದೆ?"

"ನಂಗೂ ಒಂದು ಹೆಲ್ಮೆಟ್ ಕೊಡು."

"ಐಲಾಗೆ ಗೊತ್ತಾ ನೀನು ಬರೋದು?"

"ಎಲ್ಲಿದಾಳೆ ಅವಳು?"

ಆರ್ವಿಲ್ ರೈಲಿನ ಕಡೆ ನೋಡಿದ. "ಒಳಗೆ. ಏನೋ ಕೆಲಸ ಇದೆ ಅವಳಿಗೆ."

"ಹಾಗಾದ್ರೆ ಬಡಿಯೋದು ಅವಳೇನಾ?"

ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ರಾಶಿಗೆ ವಾಪಸ್ ಹಾಕಿದ. ಮೆಲ್ಲಗೆ, "ಬೇಡ ಕಣೇ. ಇವತ್ತು ಬೇಡ. ಮನೆಗೆ ಹೋಗು," ಎಂದ.

"ಜನ ಕಾಯ್ತಿದಾರೆ ಆರ್ವಿಲ್," ಎಂದು ಅವಳೇ ರಾಶಿಯಿಂದ ಒಂದು ಹಳದಿ ಹೆಲ್ಮೆಟ್ ಎತ್ತಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಳು.

ರೈಲು ಕಿರ್ರೆನ್ನುತ್ತ ಒಳಗೆ ಸರಿಯಿತು. ಬೆಳಕು ಹಿಂದೆ ಉಳಿದು, ಮೊದಲು ಒಂದು ಬಾಗಿಲಿನಷ್ಟಾಗಿ, ಆಮೇಲೆ ಒಂದು ತಟ್ಟೆಯಷ್ಟಾಗಿ, ತಿರುವಿನಲ್ಲಿ ಇಲ್ಲವಾಯಿತು. ಒದ್ದೆ ಕಲ್ಲಿನ, ಕೊಳೆತ ಮರದ ವಾಸನೆ. ರೇಯ್ನೋ ಕೆಲಸ ಮುಗಿಸಿ ಬಂದಾಗ ಅವನ ಕೂದಲಿಂದ ಬರುತ್ತಿದ್ದ ವಾಸನೆ ಇದೇ ಎಂದು ವೆಸ್ಟಾಳಿಗೆ ಹೊಳೆಯಿತು. ಗೋಡೆಯುದ್ದಕ್ಕೂ ಎದೆಯೆತ್ತರದಲ್ಲಿ ಒಂದು ಕಬ್ಬಿಣದ ಕೊಳವೆ ಸಾಗಿತ್ತು. ಒಳಗಿನ ಯಂತ್ರಗಳಿಗೆ ಗಾಳಿ ಒಯ್ಯುತ್ತಿದ್ದ ಕೊಳವೆ ಅದು. ಅವಳು ಅದರಿಂದ ಕಣ್ಣು ಕೀಳಲಿಲ್ಲ.

ಸುರಂಗ ಸ್ವಲ್ಪ ಅಗಲವಾದ ಕಡೆ ರೈಲು ನಿಂತಿತು. ಮುಂದಿನ ದಾರಿಗೆ ಹಲಗೆಗಳ ಅಡ್ಡಗೋಡೆ. ಆರ್ವಿಲ್ ಜನರನ್ನು ಇಳಿಸಿ ನಿಲ್ಲಿಸಿ ಮಾತು ಶುರುಮಾಡಿದ. ದಿನವೂ ಹೇಳುವ ಮಾತು, ಆದರೆ ಅಂದು ಎರಡು ಸಲ ತಡವರಿಸಿದ. ಕೆಳಗಿನ ಸುರಂಗಗಳಲ್ಲಿ ಬೆಂಕಿ ಬಿತ್ತು ಎಂದ. ಹೊಗೆ ತುಂಬಿತು. ಬಹಳ ಜನ ಹೊರಗೆ ಬಂದರು, ಕೆಲವರು ಬರಲಿಲ್ಲ. ಹೊರಗೆ ನಿಂತವರಿಗೆ ಈ ಕೊಳವೆಯಲ್ಲಿ ಸದ್ದು ಕೇಳಿತು. ಒಳಗೆ ಯಾರೋ ಬದುಕಿದ್ದರು, ಬಡಿಯುತ್ತಿದ್ದರು.

"ಬೆಂಕಿಗೆ ಗಾಳಿ ಸಿಗಬಾರದು ಅಂತ ಇಲ್ಲಿ ಗೋಡೆ ಕಟ್ಟಬೇಕಾಯ್ತು," ಎಂದ ಆರ್ವಿಲ್. ಅವನು ವೆಸ್ಟಾಳತ್ತ ನೋಡಲಿಲ್ಲ. "ಆದ್ರೆ ಕೊನೇ ಬಡಿತ ನಿಲ್ಲೋವರೆಗೂ ಕಾದ್ರು. ಸದ್ದು ತಾನಾಗೇ ನಿಂತ ಮೇಲೇನೇ ಕಟ್ಟಿದ್ದು. ಬೆಂಕಿ ಆರಿದ ಮೇಲೆ ಗೋಡೆ ಒಡೆದುಹಾಕಿದ್ರು. ಈಗ ದೀಪ ಆರಿಸ್ತೀನಿ. ಯಾರೂ ಅಲ್ಲಾಡಬೇಡಿ."

ಕತ್ತಲು ಬಿತ್ತು. ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಎಲ್ಲಿಯೋ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಗೋಡೆಯ ಒಳಗಿಂದ ಬಂತು: ಟಕ್, ಟಕ್, ಟಕ್.

ವೆಸ್ಟಾ ಕೈ ಚಾಚಿ ಗೋಡೆ ತಡವಿದಳು. ಕೊಳವೆ ಸಿಕ್ಕಿತು. ತಣ್ಣಗೆ, ಒದ್ದೆಯಾಗಿ, ಅಂಗೈಯೊಳಗೆ ನಡುಗುತ್ತಿತ್ತು. ಜೇಬಿನಿಂದ ಹೋಟೆಲಿನ ಬೀಗದಕೈ ಗೊಂಚಲು ತೆಗೆದು, ದಪ್ಪನೆಯದನ್ನು ಆರಿಸಿ, ಅವಳು ಬಡಿದಳು.

ಒಳಗಿನ ಸದ್ದು ತಟ್ಟನೆ ನಿಂತಿತು.

"ನಿಲ್ಲಿಸಬೇಡ," ಎಂದಳು ವೆಸ್ಟಾ. ಮೊಟ್ಟೆ ಗಟ್ಟಿ ಬೇಯಿಸಲೇ, ಮೆತ್ತಗೆ ಬೇಕೇ ಎಂದು ಗಿರಾಕಿಗಳನ್ನು ಕೇಳುವ ಅದೇ ದನಿ. "ಅವರು ನಿಲ್ಲಿಸಿರಲಿಲ್ಲ. ಗೋಡೆ ಕಟ್ಟೋವಾಗಲೂ ಬಡೀತಿದ್ರು. ಕಟ್ಟಿ ಮುಗಿದ ಮೇಲೂ ಬಡೀತಿದ್ರು. ಸುರಂಗದ ಬಾಯಲ್ಲಿ ನಿಂತು ನಾನು ಕೊಳವೆಗೆ ಕಲ್ಲಲ್ಲಿ ಬಡಿದ್ರೆ ಆ ಕಡೆಯಿಂದ ಉತ್ತರ ಬರ್ತಿತ್ತು. ಬಡಿ, ಐಲಾ."

ಆರ್ವಿಲ್ ದೀಪ ಹಾಕಲಿಲ್ಲ. ತುಂಬ ಹೊತ್ತಾದ ಮೇಲೆ ಹಲಗೆಗಳ ಆಚೆಯಿಂದ ಒಂದು ಸದ್ದು ಬಂತು, ಲಯವಿಲ್ಲದ, ಪುಕ್ಕಲು ಸದ್ದು. ವೆಸ್ಟಾ ಉತ್ತರ ಕೊಟ್ಟಳು. ಮತ್ತೆ ಬಂತು. ಮತ್ತೆ ಕೊಟ್ಟಳು. ಆಚೆಯ ಬಡಿತ ಜೋರಾಗುತ್ತ, ಒಂದರ ಮೇಲೊಂದು ಬೀಳುತ್ತ, ಬಡಿಯುವವಳಿಗೇ ನಿಲ್ಲಿಸಲು ಬಾರದಂತಾಯಿತು. ಕತ್ತಲಲ್ಲಿ ಒಂದು ಮಗು ಅಳತೊಡಗಿತು. ಆಗ ಆರ್ವಿಲ್ ದೀಪ ಹಾಕಿದ.

ಜನ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಮೊದಲು ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ಸುರಂಗದಲ್ಲಿ ಅದು ಕಲ್ಲು ಉರುಳಿದ ಹಾಗೆ ಕೇಳಿಸಿತು.

"ಎಂಥಾ ನಟನೆ ರೀ!" ಎಂದು ಗುಲಾಬಿ ಕೋಟಿನ ಹೆಂಗಸೊಬ್ಬಳು ವೆಸ್ಟಾಳ ಕೈ ಹಿಡಿದುಕೊಂಡಳು. "ನಮ್ಮ ಮಧ್ಯೆನೇ ಕೂತು ಬಂದ್ರಲ್ಲ, ನಂಗೆ ಗೊತ್ತೇ ಆಗ್ಲಿಲ್ಲ. ನೋಡಿ, ಅಳು ಬಂದ್ಬಿಟ್ಟಿದೆ ನಂಗೆ. ಒಂದು ಫೋಟೋ ತೆಗೆಸ್ಕೊಳ್ಳಲಾ ನಿಮ್ಮ ಜೊತೆ?"

ವೆಸ್ಟಾ ಬೇಡವೆನ್ನಲಿಲ್ಲ. ಏನನ್ನಾದರೂ ಕೇಳಿದವರಿಗೆ ಇಲ್ಲವೆನ್ನುವುದು ಅವಳ ಕೆಲಸದಲ್ಲಿ ರೂಢಿಯಿರಲಿಲ್ಲ. ಹೆಲ್ಮೆಟ್ ಓರೆಯಾಗಿತ್ತು, ಆ ಹೆಂಗಸೇ ಸರಿಮಾಡಿ, ಪಕ್ಕದಲ್ಲಿ ನಿಂತು ನಕ್ಕಳು.

ರೈಲು ಹೊರಗೆ ಬಂದು ಜನ ಚದುರಿದ ಮೇಲೆ ಐಲಾ ಸುರಂಗದೊಳಗಿನ ಕಾಲುದಾರಿಯಿಂದ ನಡೆದು ಬಂದಳು. ಕೈಯಲ್ಲಿ ದೊಡ್ಡ ಸ್ಪ್ಯಾನರ್. ಮುಖದ ತುಂಬ ತುಕ್ಕಿನ ಧೂಳು. ಕಣ್ಣ ಕೆಳಗೆ ಅದು ಕೆಸರಾಗಿತ್ತು. ಹೆಲ್ಮೆಟ್ ಇಡುವ ಶೆಡ್ಡಿನ ಹಿಂದಿನ ಬೆಂಚಿನಲ್ಲಿ ತಾಯಿ ಕುಳಿತಿದ್ದಳು. ಐಲಾ ಕುಳಿತುಕೊಳ್ಳಲಿಲ್ಲ.

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲಮ್ಮ?"

"ನೀನ್ಯಾಕೆ ಹೇಳ್ಲಿಲ್ಲ, ಬಡೀತೀನಿ ಅಂತ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ."

ಐಲಾ ಸ್ಪ್ಯಾನರನ್ನು ನೆಲಕ್ಕೆ ಹಾಕಿದಳು. "ಹೋದ ವರ್ಷ ಜನಾನೇ ಬರ್ಲಿಲ್ಲ. ಏನಾದ್ರೂ ಮಾಡ್ಬೇಕಿತ್ತು. ಬಡೀತಿದ್ರು ಅಂತ ಆರ್ವಿಲ್ ಹೇಳಿದ್ದ, ಅದಕ್ಕೇ ಶುರು ಮಾಡ್ದೆ. ಜನಕ್ಕೋಸ್ಕರಾನೇ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ..." ಅವಳು ಕೈ ನೋಡಿಕೊಂಡಳು. "ನಂಗೆ ಅಪ್ಪ ಅಂದ್ರೆ ಗೋಡೆ ಮೇಲಿನ ಒಂದು ಫೋಟೋ. ನೀನಂತೂ ಬಾಯಿ ಬಿಟ್ಟೋಳಲ್ಲ. ಆ ಹಲಗೆ ಹಿಂದೆ ಕತ್ತಲಲ್ಲಿ ಕೂತು ಬಡಿಯೋವಾಗ ಮಾತ್ರ ಅವನು ಎಲ್ಲೋ ಹತ್ರ ಇದಾನೆ ಅನ್ಸೋದು. ನಗಬೇಡ."

"ನಾನೆಲ್ಲಿ ನಗ್ತಿದೀನಿ?"

"ಅವನೇನಾ ಬಡೀತಿದ್ದಿದ್ದು?"

"ಗೊತ್ತಿಲ್ಲ. ರೇಯ್ನೋ ಅಂತ ನಾನು ಯಾವತ್ತೂ ಹೇಳಿಲ್ಲ. ಒಳಗೆ ಇದ್ದೋರಲ್ಲಿ ಯಾರಾದ್ರೂ ಇರಬಹುದು." ವೆಸ್ಟಾ ಏಪ್ರನ್ನಿನ ಮೇಲೆ ಬೀಗದಕೈಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. "ಕಂಪನಿಯೋರು ಬಂದು, ಅದು ಕಬ್ಬಿಣ ಕಾದು ಹಿಗ್ಗೋ ಸದ್ದು, ಮನೆಗೆ ಹೋಗಿ ಅಂದ್ರು. ಬೇರೆ ಹೆಂಗಸರು ಹೋದ್ರು. ಕಾದ ಕಬ್ಬಿಣ ಉತ್ತರ ಕೊಡುತ್ತಾ? ನಾನು ಹೋಗ್ಲಿಲ್ಲ."

"ಮತ್ತೆ ಯಾವಾಗ ನಿಂತಿತು?"

ವೆಸ್ಟಾ ಬೀಗದಕೈಗಳನ್ನು ಒಟ್ಟುಗೂಡಿಸಿ ಜೇಬಿಗೆ ಹಾಕಿಕೊಂಡಳು.

"ನಿನ್ನನ್ನ ಪಕ್ಕದ್ಮನೆಯವಳ ಹತ್ರ ಬಿಟ್ಟು ಬಂದಿದ್ದೆ. ಎದೇಲಿ ಹಾಲು ಕಟ್ಕೊಂಡು ಅಂಗಿಯೆಲ್ಲ ಒದ್ದೆಯಾಗಿತ್ತು. ನೀನು ಬಾಟ್ಲಿ ಹಾಲು ಬಾಯಿಗೆ ಇಡ್ತಾ ಇಲ್ಲ, ಅತ್ತು ಅತ್ತು ನೀಲಿಯಾಗಿದೀಯ ಅಂತ ಹೇಳಿ ಕಳಿಸಿದ್ಲು. ಹಾಲು ಕುಡಿಸಿ ಬಂದ್ಬಿಡ್ತೀನಿ ಅಂತ ಹೇಳಿ ಹೋದೆ."

"ಯಾರಿಗೆ ಹೇಳಿ?"

"ಕೊಳವೆಗೆ," ಎಂದಳು ವೆಸ್ಟಾ. "ವಾಪಸ್ ಬರೋದ್ರೊಳಗೆ ಅದನ್ನ ಒಳಗೆಲ್ಲೋ ಕತ್ತರಿಸಿ ಹಾಕಿದ್ರು. ನಾನು ಬಡಿದೆ. ನನ್ನ ಸದ್ದು ನಂಗೇ ವಾಪಸ್ ಬಂತು."

ಐಲಾ ಮೆಲ್ಲಗೆ ಬೆಂಚಿನ ತುದಿಯಲ್ಲಿ ಕುಳಿತಳು. "ಗೋಡೆ ಇದ್ದ ಜಾಗದಲ್ಲೇನಾ? ಹಲಗೆಗಿಂತ ಸ್ವಲ್ಪ ಈಚೆಗೆ?"

"ಅಲ್ಲೇ ಇರಬೇಕು."

"ಕೊಳವೆ ಅಲ್ಲಿ ಚೂರಿಯಲ್ಲಿ ಕುಯ್ದ ಹಾಗೆ ನೇರವಾಗಿ ತುಂಡಾಗಿತ್ತು. ಆದ್ರೂ ತುಕ್ಕು ಹಿಡಿದು ಮುರಿದಿದೆ ಅಂದ್ಕೊಂಡೆ. ಈ ವಸಂತದಲ್ಲಿ ನಾನೇ ಅದಕ್ಕೆ ವೆಲ್ಡಿಂಗ್ ಮಾಡಿಸ್ದೆ, ಸದ್ದು ಚೆನ್ನಾಗಿ ಬರ್ಲಿ ಅಂತ."

ಆರ್ವಿಲ್ ಹೆಲ್ಮೆಟ್ಟುಗಳ ರಾಶಿಯನ್ನು ತೋಳಲ್ಲಿ ಹೊತ್ತು ಶೆಡ್ಡಿನ ಮೂಲೆಯಲ್ಲಿ ಬಂದು ನಿಂತಿದ್ದ. ಐಲಾ ಅವನತ್ತ ತಿರುಗಿ, "ನಿಜಾನಾ?" ಎಂದಳು.

"ನಾನು ಸಿಮೆಂಟು ಕಲಸ್ತಿದ್ದೆ," ಎಂದ ಅವನು. "ಎಲ್ಲರಿಗೂ ಕೇಳ್ತಿತ್ತು. ಬೇಗ ಬೇಗ ಇಟ್ಟಿಗೆ ಇಡಿ, ಬಾಯಿ ಮುಚ್ಕೊಂಡಿರಿ ಅಂದ್ರು. ಗಣಿ ಸುಟ್ಟುಹೋದ್ರೆ ಊರೇ ಇರಲ್ಲ ಅಂದ್ರು." ಹೆಲ್ಮೆಟ್ಟೊಂದು ಜಾರಿ ಬಿದ್ದು ಇಳಿಜಾರಿನಲ್ಲಿ ಉರುಳಿತು. ಯಾರೂ ಎತ್ತಲು ಹೋಗಲಿಲ್ಲ.

ಕೆಳಗಿನ ಬಯಲಿನಲ್ಲಿ ಬಸ್ಸೊಂದು ಬಂದು ನಿಂತಿತು. ಜನ ಇಳಿದು, ಮೈ ಮುರಿದು, ಸುರಂಗದ ಬಾಯಿಯ ಕಡೆ ಹತ್ತಿ ಬಂದರು. ಮುಂದಿದ್ದ ಕೆಂಪು ಟೋಪಿಯವನು ಏದುಸಿರು ಬಿಡುತ್ತ, "ಕತ್ತಲಲ್ಲಿ ಸದ್ದು ಬರುತ್ತಂತಲ್ಲ, ಅದು ಇಲ್ಲೇನಾ?" ಎಂದು ಕೇಳಿದ.

ಐಲಾ ಎದ್ದು ನಿಂತಳು. ತೋಳಿನಿಂದ ಮುಖ ಒರೆಸಿಕೊಂಡಳು. ಅವಳು ಹೂಂ ಎನ್ನುತ್ತಾಳೆಂದು ವೆಸ್ಟಾ ಅಂದುಕೊಂಡಳು. ಎಂದಿದ್ದರೆ ಬೈಯುತ್ತಿರಲೂ ಇಲ್ಲ.

"ಇವತ್ತು ಗಣಿ ಇಲ್ಲ," ಎಂದಳು ಐಲಾ.

"ಇಲ್ಲ ಅಂದ್ರೆ? ಇಷ್ಟು ದೂರ ಹತ್ತಿ ಬಂದಿದೀವಿ ನಾವು. ಮತ್ತೆ ಇನ್ನೇನಿದೆ ಈ ಊರಲ್ಲಿ ನೋಡೋಕೆ?"

ಐಲಾ ತಾಯಿಯ ಕಡೆ ತಿರುಗಿದಳು. ವೆಸ್ಟಾಳೇ ಎದ್ದು, ಕಣಿವೆಯ ಆಚೆ ಬದಿಗೆ ಕೈ ತೋರಿಸಿದಳು. "ರೋಪ್‌ವೇ ಇದೆ, ಅಲ್ಲಿ. ಕುರ್ಚೀಲಿ ಕೂತು ತಂತಿ ಮೇಲೆ ಹೋಗೋದು. ಮೇಲಿಂದ ನೋಡಿದ್ರೆ ಊರೆಲ್ಲ ಕಾಣುತ್ತೆ. ಮೋಡ ಇಳಿಯೋಕೆ ಮುಂಚೆ ಹೋಗಿ."

ಅವರು ಗೊಣಗುತ್ತ ಇಳಿದುಹೋದರು. ಅವರು ಕಣಿವೆ ದಾಟುವ ಮೊದಲೇ ಮೋಡ ಇಳಿಯಿತು. ಆಚೆ ಬೆಟ್ಟದಲ್ಲಿ ಹತ್ತುವವರು ಯಾರೂ ಇರಲಿಲ್ಲ; ತಂತಿ ಮಾತ್ರ ಓಡುತ್ತಿತ್ತು. ಪೈನ್ ಮರಗಳ ಮೇಲೆ ಖಾಲಿ ಕುರ್ಚಿಗಳು ಒಂದರ ಹಿಂದೊಂದು ಏರಿ ಮಂಜಿನೊಳಗೆ ಹೋಗುತ್ತಿದ್ದವು. ಇನ್ನೊಂದು ತಂತಿಯಲ್ಲಿ ಒದ್ದೆಯಾಗಿ, ಹಾಗೇ ಖಾಲಿಯಾಗಿ ಇಳಿದು ಬರುತ್ತಿದ್ದವು.