ಹಳೆಯ ಜಾಗದ ಚೀಟಿ

ಸಂಜೆ ನಾಲ್ಕರೊಳಗೆ ಮುಂದಿನ ವಾರದ ಡ್ಯೂಟಿ ಪಟ್ಟಿ ಬೋರ್ಡಿಗೆ ಬೀಳಬೇಕಿತ್ತು. ನನ್ನ ಪ್ರೋಗ್ರಾಂ ಪಟ್ಟಿ ಕೊಟ್ಟರೆ ಅದು, ಇಲ್ಲವಾದರೆ ಹಳೆಯದೇ ಮತ್ತೆ ಎಂದು ಬಸ್ ಡಿಪೋ ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹಳೆಯದಾದರೆ ಭಾನುವಾರ ನಮ್ಮ ಡ್ರೈವರ್ ಸ್ಟೇರಿಂಗಕ್ಕನಿಗೆ ಬೆಳಗಿನ ಬಸ್ಸು. ಅವಳ ಮಗಳು ಮೊದಲ ಸಲ ಓಟದ ಸ್ಪರ್ಧೆಗೆ ನಿಂತಿರುವುದೂ ಅದೇ ಹೊತ್ತಿಗೆ. "ನಿನಗೆ ರಜೆ ಗ್ಯಾರಂಟಿ ಅಕ್ಕ" ಎಂದು ಮಾತು ಕೊಟ್ಟವಳು ನಾನು, ಡ್ಯೂಟಿ ಗುಮಾಸ್ತೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮೂರೂವರೆಗೆ ಪ್ರೋಗ್ರಾಂ ಓಡಿಸಿದೆ. 'ರಜೆ' ಎಂಬ ಮಾಡ್ಯೂಲ್ ಇಲ್ಲ ಎಂದಿತು.

ಇಲ್ಲವಂತೆ! ಯಾರಿಗೆ ಯಾವತ್ತು ರಜೆ ಬೇಕೆಂದು ಬರೆದಿಟ್ಟ ಆ ಫೈಲು ನನ್ನ ಕಣ್ಣೆದುರಿಗೇ ಇತ್ತು. ಫೋಲ್ಡರ್ ತೆರೆದು ನೋಡಿದೆ, ಇದೆ. ಹೆಸರು ನೋಡಿದೆ, ಸರಿಯಿದೆ. ಪ್ರೋಗ್ರಾಂ ಓಡಿಸುವ ಪೈಥಾನ್ ಎಂಬ ತಂತ್ರಾಂಶವನ್ನೇ ಕಿತ್ತು ಹೊಸದಾಗಿ ಹಾಕಿದೆ. ಮತ್ತೆ ಅದೇ ರಾಗ. ಕಂಪ್ಯೂಟರನ್ನು ಕಿಟಕಿಯಿಂದ ಎಸೆಯುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಮಾವ ಬಂದರು. ಇದೇ ಡಿಪೋದಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಸ್ಟೋರ್ ನೋಡಿಕೊಂಡು ನಿವೃತ್ತರಾದವರು. ಹರಟೆಗೆಂದು ಆಗಾಗ ಬರುತ್ತಾರೆ.

"ಯಾಕಮ್ಮ, ಮುಖ ಗಂಟು ಹಾಕ್ಕೊಂಡಿದ್ದೀಯ?"

"ಇರೋ ಫೈಲನ್ನ ಇಲ್ಲ ಅಂತಿದೆ ಮಾವ. ಇದಕ್ಕೆ ಕಣ್ಣು ಕಾಣಲ್ಲ."

"ಎಲ್ಲೆಲ್ಲಿ ಹುಡುಕ್ತಂತೆ?"

"ನಂಗೇನು ಗೊತ್ತು?" ಸಿಡುಕಿದೆ.

"ಕೇಳು ಮತ್ತೆ. ನಮ್ಮ ಮೆಕ್ಯಾನಿಕ್‌ಗಳೂ ಬೋಲ್ಟ್ ಇಲ್ಲ ಅಂತ ಕೂಗ್ಕೊಂಡೇ ಬರೋರು. ಯಾವ ರ‍್ಯಾಕ್ ನೋಡಿದ್ರಿ ಅಂದ್ರೆ ಅರ್ಧ ಗಲಾಟೆ ಅಲ್ಲೇ ಮುಗೀತಿತ್ತು."

ಪೈಥಾನ್ ಯಾವ ಯಾವ ಫೋಲ್ಡರುಗಳಲ್ಲಿ ಹುಡುಕುತ್ತದೆಂದು ತೋರಿಸುವ ಒಂದು ಸಾಲು ಬರೆದೆ. ಐದು ಹೆಸರು ಬಂದವು. ನನ್ನ ಫೈಲಿದ್ದ ಫೋಲ್ಡರ್ ಅವುಗಳಲ್ಲಿ ಇರಲೇ ಇಲ್ಲ. ನಿನ್ನೆಯಷ್ಟೇ, ಎಲ್ಲ ಒಪ್ಪವಾಗಿರಲೆಂದು ಹೊಸ ಫೋಲ್ಡರ್ ಮಾಡಿ ಫೈಲನ್ನು ಅದರೊಳಗೆ ಸರಿಸಿದ್ದೆ. ನಾಚಿಕೆಯಾಯಿತು, ಆದರೂ ಸೋಲೊಪ್ಪುವ ಜಾತಿಯಲ್ಲ ನಾನು.

"ನೀವೇ ಅಲ್ವಾ ಮಾವ ದಿನಾ ಹೇಳೋದು, ಒಂದೊಂದಕ್ಕೂ ಒಂದೊಂದು ಜಾಗ ಮಾಡು ಅಂತ?"

"ಅರ್ಧ ಮಾತ್ರ ಕಿವಿಗೆ ಹಾಕ್ಕೊಂಡಿದ್ದೀಯ. ಜಾಗ ಬದಲಾಯಿಸಿದ್ರೆ ಹಳೇ ಜಾಗದಲ್ಲಿ ಚೀಟಿ ಇಡು ಅಂತಲೂ ಹೇಳ್ತೀನಲ್ಲ."

ಅದು ಅವರ ಸ್ಟೋರಿನ ಕಾನೂನು, ಡಿಪೋದ ಹಳಬರಿಗೆಲ್ಲ ಬಾಯಿಪಾಠ. ನಮ್ಮ ಅಡುಗೆಮನೆಯಲ್ಲೂ ಸಕ್ಕರೆ ಡಬ್ಬಿ ಇದ್ದಲ್ಲಿ 'ಮೇಲಿನ ಶೆಲ್ಫಿಗೆ ಹೋಗಿದೆ' ಎಂಬ ಚೀಟಿ ಕೂತಿರುತ್ತದೆ. ಬೆನ್ನ ಹಿಂದೆ ನಾನು ಎಷ್ಟು ನಕ್ಕಿದ್ದೇನೋ!

ಫೈಲನ್ನು ಕರೆಯುವ ಹಳೆಯ ಸಾಲಿನಲ್ಲಿ ಹೊಸ ಫೋಲ್ಡರಿನ ಹೆಸರು ಸೇರಿಸಿದೆ. ಪ್ರೋಗ್ರಾಂ ಕಮಕ್ ಕಿಮಕ್ ಎನ್ನದೆ ಓಡಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಪಟ್ಟಿಗೆ ಪಿನ್ನು ಚುಚ್ಚಿದೆ. ಸ್ಟೇರಿಂಗಕ್ಕ ಬೆರಳಿಟ್ಟು ಭಾನುವಾರದ ಸಾಲನ್ನು ಎರಡೆರಡು ಸಲ ಓದಿ, ನನ್ನ ಕೆನ್ನೆ ಹಿಂಡಿ ಹೋದಳು. ನೋವಾಯಿತು, ಖುಷಿಯೂ ಆಯಿತು. ಮಾವ ಆಗಲೇ ಸ್ಟೋರಿನ ಬಾಗಿಲಲ್ಲಿ ಯಾರ ಜೊತೆಗೋ ಹರಟುತ್ತಿದ್ದರು.

ಭಾನುವಾರ ಬೆಳಿಗ್ಗೆ ನನಗೆ ಡ್ಯೂಟಿ. ಡ್ರೈವರುಗಳ ಕೋಣೆಯಲ್ಲಿ ಸ್ಟೇರಿಂಗಕ್ಕ ದಿನಾ ಟೋಪಿ ನೇತುಹಾಕುವ ಮೊಳೆಗೆ ಒಂದು ಚೀಟಿ ಸಿಕ್ಕಿಸಿತ್ತು.

'ಇಲ್ಲಿ ಹುಡುಕಬೇಡಿ. ಮೈದಾನದಲ್ಲಿ ಇದ್ದೀನಿ, ಮುಂದಿನ ಸಾಲಲ್ಲಿ.'